ಕ್ಯಾನ್ಸರ್ ಟ್ರಯಲ್ ಸ್ಯಾಂಪಲ್: ರೋಗಿಯ ತೋಳಿನಿಂದ ಸೆಂಟ್ರಲ್ ಲ್ಯಾಬ್‌ವರೆಗೆ

ಕ್ಲಿನಿಕಲ್ ಟ್ರಯಲ್‌ಗೆಂದು ಕಳಿಸಿದ ಸ್ಯಾಂಪಲ್ ತಿರಸ್ಕೃತವಾಯಿತು ಎಂದರೆ ಮೊದಲ ಬೈಗುಳ ಕೊರಿಯರ್‌ನವರಿಗೆ. ಟ್ರಯಲ್‌ನ ಎಲ್ಲ ಆಸ್ಪತ್ರೆಗಳ ಸ್ಯಾಂಪಲ್ ಪರೀಕ್ಷಿಸುವ ಸೆಂಟ್ರಲ್ ಲ್ಯಾಬ್ ಕೊಡುವ ಕಾರಣಗಳನ್ನು ಒಮ್ಮೆ ಓದಿ: ಟ್ಯೂಬ್ ಅರ್ಧವೇ ತುಂಬಿದೆ, ರಕ್ತಕಣ ಒಡೆದಿದೆ, ಲೇಬಲ್ಲಿನ ಸಂಖ್ಯೆಗೂ ಫಾರ್ಮಿನ ಸಂಖ್ಯೆಗೂ ತಾಳೆಯಿಲ್ಲ, ರಕ್ತ ತೆಗೆದ ಹೊತ್ತು ಬರೆದಿಲ್ಲ, ಟ್ಯೂಬಿನ ಅವಧಿ ಮುಗಿದಿದೆ. ಇವೆಲ್ಲ ಪೆಟ್ಟಿಗೆ ಆಸ್ಪತ್ರೆಯ ಗೇಟು ದಾಟುವ ಮುಂಚೆಯೇ ಆಗಿಹೋದ ತಪ್ಪುಗಳು. ಕ್ಯಾನ್ಸರ್ ಟ್ರಯಲ್‌ನಲ್ಲಿ ಇವು ದುಬಾರಿ, ಏಕೆಂದರೆ ಚಿಕಿತ್ಸೆ ಶುರುವಾಗುವ ಮುಂಚಿನ ಬಯಾಪ್ಸಿಯನ್ನಾಗಲಿ, ಮೊದಲ ಡೋಸ್ ಆದ ಎರಡನೇ ಗಂಟೆಯ ರಕ್ತವನ್ನಾಗಲಿ ನಾಳೆ ಮತ್ತೆ ತೆಗೆಯಲು ಬರುವುದಿಲ್ಲ.

ಆಸ್ಪತ್ರೆಗಳಲ್ಲಿ ಸ್ಟಡಿ ಕೋಆರ್ಡಿನೇಟರ್, ರಿಸರ್ಚ್ ನರ್ಸ್, ಲ್ಯಾಬ್ ಟೆಕ್ನಿಷಿಯನ್ ಆಗಿ ಈ ಕೆಲಸ ಮಾಡುವವರಿಗಾಗಿ ಈ ಬರಹ. ಇಲ್ಲಿನ ಅಂಕಿಗಳು ಬಹುತೇಕ ಟ್ರಯಲ್‌ಗಳಲ್ಲಿ ಕಾಣುವಂಥವು. ನಿಮ್ಮ ಟ್ರಯಲ್‌ನ ಲ್ಯಾಬ್ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ರೋಗಿ ಬರುವ ಹಿಂದಿನ ದಿನ

ಮೊದಲು ಒಪ್ಪಿಗೆ ಪತ್ರ ತೆರೆದು ನೋಡಿ. ಟ್ರಯಲ್‌ಗೆ ಸೇರಲು ಕೊಟ್ಟ ಒಪ್ಪಿಗೆ ಬೇರೆ; ಉಳಿದ ರಕ್ತವನ್ನೋ ಗೆಡ್ಡೆಯ ತುಣುಕನ್ನೋ ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಲು, ಆನುವಂಶಿಕ ಪರೀಕ್ಷೆ ಮಾಡಲು ಕೊಡುವ ಐಚ್ಛಿಕ ಒಪ್ಪಿಗೆ ಬೇರೆ. ಎರಡನೆಯದರಲ್ಲಿ ರೋಗಿ ‘ಬೇಡ’ ಎಂದು ಗುರುತು ಹಾಕಿದ್ದರೆ ಆ ಟ್ಯೂಬನ್ನು ಕಿಟ್‌ನಿಂದ, ಅಂದರೆ ಲ್ಯಾಬ್ ಕಳಿಸಿದ ಟ್ಯೂಬುಗಳ ಪೆಟ್ಟಿಗೆಯಿಂದ, ತೆಗೆದಿಡಿ. ಕಿಟ್‌ನಲ್ಲಿ ಇದೆ ಎಂಬ ಕಾರಣಕ್ಕೆ ತುಂಬಿಸಿ ಕಳಿಸಿದರೆ ಅದು ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕಾದ ತಪ್ಪಾಗುತ್ತದೆ. ಒಪ್ಪಿಗೆ ಪತ್ರ ಆಮೇಲೆ ತಿದ್ದುಪಡಿಯಾಗಿದ್ದರೆ ರೋಗಿ ಸಹಿ ಮಾಡಿರುವುದು ಯಾವ ಆವೃತ್ತಿಗೆ ಎನ್ನುವುದನ್ನೂ ಗಮನಿಸಿ.

ಆಮೇಲೆ ಕಿಟ್. ಪೆಟ್ಟಿಗೆಯ ಮೇಲೆ ಇರುವ ಅವಧಿ ದಿನಾಂಕ ಸಾಮಾನ್ಯವಾಗಿ ಒಳಗಿರುವ ವಸ್ತುಗಳಲ್ಲಿ ಎಲ್ಲಕ್ಕಿಂತ ಮೊದಲು ಅವಧಿ ಮೀರುವುದರದ್ದು. ಆದರೂ ಟ್ಯೂಬುಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ಅವಧಿ ಮುಗಿದ ಟ್ಯೂಬಿನಲ್ಲಿ ನಿರ್ವಾತ ಕಡಿಮೆಯಾಗಿರುತ್ತದೆ. ರಕ್ತ ಪೂರ್ತಿ ಎಳೆಯುವುದಿಲ್ಲ, ಟ್ಯೂಬಿನಲ್ಲಿ ಮೊದಲೇ ಹಾಕಿರುವ ರಾಸಾಯನಿಕದ ಪ್ರಮಾಣ ಹೆಚ್ಚಾಗಿ ಅನುಪಾತ ತಪ್ಪುತ್ತದೆ. ಸ್ಕ್ರೀನಿಂಗ್ ಕಿಟ್, ಮೊದಲ ಸೈಕಲ್‌ನ ಮೊದಲ ದಿನದ ಕಿಟ್, ಚಿಕಿತ್ಸೆ ಮುಗಿದ ಮೇಲಿನ ಕಿಟ್ ಎಲ್ಲವೂ ನೋಡಲು ಒಂದೇ ಥರ ಇರುತ್ತವೆ. ಬಾರ್‌ಕೋಡ್ ಆಯಾ ವಿಸಿಟ್‌ಗೆ ಕಟ್ಟಿಹಾಕಿದ್ದು, ಹಾಗಾಗಿ ಒಂದರ ಬದಲು ಇನ್ನೊಂದನ್ನು ಒಡೆದರೆ ಲ್ಯಾಬಿನ ಕಂಪ್ಯೂಟರ್ ಒಪ್ಪುವುದಿಲ್ಲ. ಕಡಿಮೆ ಬಿದ್ದ ಒಂದು ಟ್ಯೂಬಿಗಾಗಿ ಬೇರೆ ಕಿಟ್ ಒಡೆಯುವ ಅಭ್ಯಾಸವಂತೂ ಬೇಡವೇ ಬೇಡ. ಮುಂದಿನ ತಿಂಗಳು ಆ ಖಾಲಿ ಜಾಗ ಯಾರದೋ ತಲೆಗೆ ಬರುತ್ತದೆ.

ಅದೇ ಸಂಜೆ ರಕ್ತವನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಾರ ಕೈಯಲ್ಲಿ ಇರುತ್ತದೆ, ಡೀಪ್ ಫ್ರೀಜರಿನ ಕೀಲಿ ಎಲ್ಲಿದೆ, ಡ್ರೈ ಐಸ್ (ಗಟ್ಟಿ ಇಂಗಾಲದ ಡೈಆಕ್ಸೈಡ್) ಬೇಕೆಂದು ಕೊರಿಯರ್‌ಗೆ ಹೇಳಿದ್ದೀರಾ ಎಂದು ಕೇಳಿಕೊಳ್ಳಿ. ಡ್ರೈ ಐಸ್ ಸಿಗಬೇಕಾದರೆ ಕನಿಷ್ಠ ಒಂದು ದಿನ ಮುಂಚೆ ಹೇಳಿರಬೇಕು.

ರಕ್ತ ತೆಗೆಯುವಾಗ

ಕೀಮೊ ತೆಗೆದುಕೊಂಡವರ ರಕ್ತನಾಳ ಸಣ್ಣಗೆ, ಗಟ್ಟಿಯಾಗಿ ಇರುತ್ತವೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ರಾತ್ರಿಯೆಲ್ಲ ಪ್ರಯಾಣ ಮಾಡಿ, ಖಾಲಿ ಹೊಟ್ಟೆಯಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಬಂದವರಿಗೆ ನಾಳ ಸಿಗುವುದು ಇನ್ನೂ ಕಷ್ಟ. ನೀರು ಕುಡಿಯಲು ಅಡ್ಡಿಯಿಲ್ಲದಿದ್ದರೆ ಒಂದೆರಡು ಲೋಟ ಕುಡಿಸಿ, ಹತ್ತು ಹದಿನೈದು ನಿಮಿಷ ಕೂರಿಸಿ, ಕೈ ಬೆಚ್ಚಗಾದ ಮೇಲೆ ಸೂಜಿ ಹಾಕಿ. ‘ಇಷ್ಟೊಂದು ರಕ್ತ ಯಾಕಮ್ಮಾ?’ ಎಂದು ಕೇಳದವರು ಕಡಿಮೆ. ಉತ್ತರ ಸಿದ್ಧವಿರಲಿ: ಹತ್ತು ಮಿ.ಲೀ.ಯ ನಾಲ್ಕು ಟ್ಯೂಬ್ ಅಂದರೆ 40 ಮಿ.ಲೀ., ಎಂಟು ಟೀ ಚಮಚದಷ್ಟು. ರಕ್ತದಾನದಲ್ಲಿ ಒಂದೇ ಸಲಕ್ಕೆ 350 ಮಿ.ಲೀ. ತೆಗೆಯುತ್ತಾರೆ. ಹಿಮೊಗ್ಲೋಬಿನ್ ತೀರಾ ಕಡಿಮೆ ಇರುವವರಲ್ಲಿ ಒಟ್ಟು ಎಷ್ಟು ತೆಗೆಯಬಹುದು ಎಂಬುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ಗುರುತು ಹಿಡಿಯುವ ವಿಷಯದಲ್ಲಿ ಒಂದು ಅಡಕತ್ತರಿ ಇದೆ. ಟ್ಯೂಬಿನ ಲೇಬಲ್ ಮೇಲೆ ರೋಗಿಯ ಹೆಸರು ಇರಕೂಡದು, ಟ್ರಯಲ್ ಸಂಖ್ಯೆ ಮಾತ್ರ ಇರಬೇಕು. ಮಂಚದ ಪಕ್ಕ ಗುರುತು ಹಿಡಿಯುವುದಾದರೋ ಹೆಸರು ಮತ್ತು ಆಸ್ಪತ್ರೆಯ ಸಂಖ್ಯೆಯಿಂದ. ಇವೆರಡನ್ನೂ ಜೋಡಿಸುವ ರಿಜಿಸ್ಟರ್ ಕೋಆರ್ಡಿನೇಟರ್ ಬಳಿ ಇರುತ್ತದೆ. ಒಂದೇ ಬೆಳಿಗ್ಗೆ ಅದೇ ಟ್ರಯಲ್‌ನ ಇಬ್ಬರು ರೋಗಿಗಳು ಬಂದಾಗ ಅದಲುಬದಲಾಗುವುದು ಇಲ್ಲಿಯೇ. ರೋಗಿಯ ಬಾಯಿಂದಲೇ ಪೂರ್ತಿ ಹೆಸರು ಹೇಳಿಸಿ. ‘ನೀವು ಮಂಜುಳಾ ಅಲ್ವಾ?’ ಎಂದು ಕೇಳಿದರೆ ಅರೆನಿದ್ದೆಯಲ್ಲಿರುವವರು ಹೂಂ ಎಂದುಬಿಡುತ್ತಾರೆ. ಲೇಬಲ್ ಹಚ್ಚುವ ಕೆಲಸ ಆ ರೋಗಿಯ ಎದುರೇ ಮುಗಿಯಲಿ. ಇಬ್ಬರ ಟ್ಯೂಬುಗಳೂ ಒಂದೇ ಟ್ರೇಯಲ್ಲಿ ಇರಬಾರದು.

ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿರಬೇಡಿ. 21 ಗೇಜ್ ಸೂಜಿ ಆದರೆ ಚೆನ್ನ; ನಾಳ ಸಣ್ಣದಿದ್ದರೆ 23 ಗೇಜ್‌ನ ಬಟರ್‌ಫ್ಲೈ. ಸಿರಿಂಜಿನಲ್ಲಿ ಜೋರಾಗಿ ಎಳೆದು ಟ್ಯೂಬಿನೊಳಗೆ ಒತ್ತಿ ಬಿಟ್ಟರೆ ಕೆಂಪು ಕಣ ಒಡೆಯುತ್ತವೆ. ಕಣ ಒಡೆದರೆ ಪೊಟ್ಯಾಸಿಯಂ, ಎಲ್‌ಡಿಎಚ್ ಮತ್ತು ಎಎಸ್‌ಟಿ ಎಂಬ ಕಿಣ್ವಗಳು ಸುಳ್ಳೇ ಏರುತ್ತವೆ. ಟ್ರಯಲ್‌ಗೆ ಸೇರಲು ಈ ಅಂಕಿಗಳಿಗೆ ಮಿತಿ ಇರುವುದರಿಂದ, ಅರ್ಹ ರೋಗಿಯೇ ಹೊರಗುಳಿಯುವ ಅಪಾಯವೂ ಉಂಟು.

ಸಿಟ್ರೇಟ್, ಹೆಪಾರಿನ್, ಇಡಿಟಿಎ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕಗಳು; ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ಟ್ಯೂಬುಗಳ ಸರದಿ ಹೀಗೆ: ಮೊದಲು ನೀಲಿ ಮುಚ್ಚಳದ ಸಿಟ್ರೇಟ್, ಆಮೇಲೆ ಸೀರಮ್‌ನ ಕೆಂಪು ಅಥವಾ ಹಳದಿ, ನಂತರ ಹಸಿರು ಹೆಪಾರಿನ್, ಕೊನೆಗೆ ನೇರಳೆ ಇಡಿಟಿಎ. ಸರದಿ ತಪ್ಪಿ ಇಡಿಟಿಎಯ ಚೂರು ಸೀರಮ್ ಟ್ಯೂಬಿಗೆ ಬಂತೆಂದರೆ ಕ್ಯಾಲ್ಸಿಯಂ ಕುಸಿದಂತೆ, ಪೊಟ್ಯಾಸಿಯಂ ಏರಿದಂತೆ ಕಾಣುತ್ತದೆ. ಬಟರ್‌ಫ್ಲೈ ಹಾಕಿ ಮೊದಲಿಗೆ ಸಿಟ್ರೇಟ್ ಟ್ಯೂಬ್ ತೆಗೆಯುವಾಗ ನಳಿಕೆಯ ಗಾಳಿ ಒಳಗೆ ಹೋಗಿ ರಕ್ತ ಕಡಿಮೆ ಬೀಳುತ್ತದೆ. ಎಸೆಯಲೆಂದೇ ಇನ್ನೊಂದು ಟ್ಯೂಬ್ ಮೊದಲು ಚುಚ್ಚಿ.

ಕಲೆಸುವುದೆಂದರೆ ಕುಲುಕುವುದಲ್ಲ. ಟ್ಯೂಬನ್ನು ತಲೆಕೆಳಗು ಮಾಡಿ ಮತ್ತೆ ನೇರ ಮಾಡಿದರೆ ಒಂದು ಸಲ. ಇಡಿಟಿಎ, ಹೆಪಾರಿನ್‌ಗೆ 8ರಿಂದ 10 ಸಲ, ಸೀರಮ್ ಜೆಲ್ ಟ್ಯೂಬಿಗೆ 5 ಸಲ, ಸಿಟ್ರೇಟ್‌ಗೆ 3ರಿಂದ 4 ಸಲ. ಎಲ್ಲ ಟ್ಯೂಬೂ ತುಂಬಲಿ, ಆಮೇಲೆ ಒಟ್ಟಿಗೆ ಕಲೆಸೋಣ ಎಂದು ಕಾದರೆ ಮೊದಲ ಟ್ಯೂಬಿನಲ್ಲಿ ಆಗಲೇ ಸಣ್ಣ ಹೆಪ್ಪು ಕಟ್ಟಿರುತ್ತದೆ.

ರಕ್ತದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎಗಾಗಿ ಕೊಡುವ ಸ್ಟ್ರೆಕ್ ಟ್ಯೂಬ್‌ಗೆ ವಿಶೇಷ ಮರ್ಯಾದೆ ಬೇಕು. ಅದರೊಳಗಿನ ದ್ರವ ಬಿಳಿ ರಕ್ತಕಣ ಒಡೆಯದಂತೆ ಕಾಯುತ್ತದೆ. ಬಿಳಿ ಕಣ ಒಡೆದರೆ ಅವುಗಳ ಸಹಜ ಡಿಎನ್‌ಎ ನುಗ್ಗಿ, ಗೆಡ್ಡೆಯಿಂದ ಬಂದ ಅತ್ಯಲ್ಪ ಡಿಎನ್‌ಎ ಅದರಲ್ಲಿ ಮುಳುಗಿಹೋಗುತ್ತದೆ. ಹತ್ತು ಮಿ.ಲೀ. ಪೂರ್ತಿ ತುಂಬಿಸಿ, ಒಡನೆ 8ರಿಂದ 10 ಸಲ ಮಗುಚಿ. ತೋಳು ಕೆಳಮುಖವಾಗಿರಲಿ, ಟ್ಯೂಬಿನ ದ್ರವ ಹಿಂದಕ್ಕೆ ನಾಳಕ್ಕೆ ಹರಿಯಬಾರದು. ಇದನ್ನು ಫ್ರಿಜ್‌ನಲ್ಲಿಡುವುದು, ಫ್ರೀಜ್ ಮಾಡುವುದು ಎರಡೂ ತಪ್ಪು. 6ರಿಂದ 37 ಡಿಗ್ರಿ ಸೆಲ್ಸಿಯಸ್‌ನೊಳಗೆ 14 ದಿನ ತಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಆ 37 ಎಂಬ ಅಂಕಿ ಕಲಬುರಗಿಯ ಏಪ್ರಿಲ್‌ನಲ್ಲಿ ಕೊರಿಯರ್ ವ್ಯಾನಿನ ಹಿಂಬದಿಗೆ ಅನ್ವಯಿಸುವುದಿಲ್ಲ, ಅಲ್ಲಿ ನೆರಳಲ್ಲೇ 40 ದಾಟಿರುತ್ತದೆ. ಇದಕ್ಕೆ ಪರಿಹಾರ ಪ್ಯಾಕಿಂಗ್ ಭಾಗದಲ್ಲಿದೆ.

ಔಷಧದ ಪ್ರಮಾಣ ಅಳೆಯುವ ರಕ್ತದಲ್ಲಿ, ಅಂದರೆ ಪಿಕೆ ಸ್ಯಾಂಪಲ್‌ನಲ್ಲಿ, ಹೊತ್ತೇ ಮಾಲು. ಔಷಧ ಹರಿಯುತ್ತಿರುವ ತೋಳಿನಿಂದ ತೆಗೆಯಬೇಡಿ, ಇನ್ನೊಂದು ತೋಳೇ ಆಗಬೇಕು. ಔಷಧ ಕೊಟ್ಟ ಪೋರ್ಟ್‌ನಿಂದಲೇ (ಚರ್ಮದಡಿ ಕೂರಿಸಿದ ನಳಿಕೆಯ ಬಾಯಿಂದಲೇ) ತೆಗೆದರೆ ನಳಿಕೆಯಲ್ಲಿ ಉಳಿದ ಔಷಧ ಸೇರಿ ನಂಬಲಾಗದ ಅಂಕಿ ಬರುತ್ತದೆ. ಡ್ರಿಪ್ ಮುಗಿದ ಹೊತ್ತು ಎಂದರೆ ಬಾಟಲಿ ಖಾಲಿಯಾದದ್ದೋ, ನಳಿಕೆ ತೊಳೆದು ಮುಗಿದದ್ದೋ ಎಂಬುದನ್ನು ಪ್ರೋಟೊಕಾಲ್‌ನಲ್ಲಿ ನೋಡಿ ನರ್ಸ್‌ಗಳಿಗೆಲ್ಲ ಒಂದೇ ರೀತಿ ಹೇಳಿಕೊಡಿ. ಎರಡನೇ ಗಂಟೆಯ ರಕ್ತ 2 ಗಂಟೆ 17 ನಿಮಿಷಕ್ಕೆ ಸಿಕ್ಕಿತೇ? ಹಾಗೆಂದೇ ಬರೆಯಿರಿ. ನಿಜವಾದ ಹೊತ್ತು ಗೊತ್ತಿದ್ದರೆ ಲೆಕ್ಕ ಹಾಕುವವರು ಸರಿಹೊಂದಿಸಿಕೊಳ್ಳುತ್ತಾರೆ. ಸುಂದರವಾಗಿ ‘2:00’ ಎಂದು ಬರೆದ ಸುಳ್ಳನ್ನು ಯಾರೂ ಸರಿಪಡಿಸಲಾರರು. ವಾರ್ಡಿನ ಗೋಡೆ ಗಡಿಯಾರ, ನರ್ಸ್‌ನ ಮೊಬೈಲ್, ಲ್ಯಾಬಿನ ಗಡಿಯಾರ ಮೂರೂ ಒಂದೇ ಹೊತ್ತು ತೋರಿಸುತ್ತವೆಯೇ ಎಂದು ವಾರಕ್ಕೊಮ್ಮೆ ನೋಡಿ.

ನಾಳ ಕೈಕೊಟ್ಟು ಅರ್ಧಕ್ಕೇ ನಿಲ್ಲಿಸಬೇಕಾದರೆ? ರೋಗಿಯ ಸುರಕ್ಷತೆಗೆ ಬೇಕಾದ ಟ್ಯೂಬ್ ಮೊದಲು, ಪಿಕೆಯಂಥ ಹೊತ್ತಿಗೆ ಕಟ್ಟುಬಿದ್ದವು ಆಮೇಲೆ, ಐಚ್ಛಿಕ ಸಂಶೋಧನೆಯವು ಕೊನೆಗೆ. ಮ್ಯಾನುಯಲ್‌ನಲ್ಲಿ ಈ ಆದ್ಯತೆಯ ಪಟ್ಟಿ ಇರುತ್ತದೆ; ಅದನ್ನು ಮುಂಚೆಯೇ ಓದಿಟ್ಟುಕೊಳ್ಳಿ, ಸೂಜಿ ಚುಚ್ಚಿದ ಮೇಲೆ ಪುಟ ತಿರುವುವುದು ಆಗದ ಕೆಲಸ. ಬಳಸಿದ ಸೂಜಿಯ ಮುಚ್ಚಳ ಮತ್ತೆ ಹಾಕದೆ ಸೂಜಿ ತೂರದ ಬಿಳಿ ಡಬ್ಬಿಗೆ ಹಾಕಿ.

ಸೆಂಟ್ರಿಫ್ಯೂಜ್: ಆರ್‌ಪಿಎಂ ಬೇರೆ, ಜಿ ಬೇರೆ

ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು; ಜಿ ಎಂದರೆ ತಿರುಗುವಾಗ ರಕ್ತದ ಮೇಲೆ ಬೀಳುವ ಬಲ ಗುರುತ್ವಕ್ಕಿಂತ ಎಷ್ಟು ಪಟ್ಟು ಎಂಬುದು. ಮ್ಯಾನುಯಲ್ ‘1300 ಜಿ, 10 ನಿಮಿಷ’ ಎನ್ನುತ್ತದೆ. ಯಂತ್ರದ ಮೇಲೆ ಆರ್‌ಪಿಎಂ ಗುಂಡಿ ಮಾತ್ರ ಇರುತ್ತದೆ. ಅನೇಕರು 1300 ಆರ್‌ಪಿಎಂಗೆ ತಿರುಗಿಸಿಬಿಡುತ್ತಾರೆ, ರಕ್ತ ಸರಿಯಾಗಿ ಬೇರ್ಪಡುವುದೇ ಇಲ್ಲ. ಲೆಕ್ಕ ಸುಲಭ: ಜಿ = 0.00001118 × ತ್ರಿಜ್ಯ × ಆರ್‌ಪಿಎಂ ವರ್ಗ. ತ್ರಿಜ್ಯವೆಂದರೆ ನಡು ಅಕ್ಷದಿಂದ ತಿರುಗುವಾಗಿನ ಟ್ಯೂಬಿನ ತಳದವರೆಗೆ ಸೆಂಟಿಮೀಟರ್‌ನಲ್ಲಿ. 16 ಸೆಂ.ಮೀ. ತ್ರಿಜ್ಯದ ಯಂತ್ರದಲ್ಲಿ 1300 ಜಿ ಬರಲು ಸುಮಾರು 2,700 ಆರ್‌ಪಿಎಂ ಬೇಕು. ಅದೇ 2,700, 10 ಸೆಂ.ಮೀ.ಯ ಚಿಕ್ಕ ಯಂತ್ರದಲ್ಲಿ ಕೊಡುವುದು ಸುಮಾರು 815 ಜಿ ಮಾತ್ರ. ನಿಮ್ಮ ಯಂತ್ರಕ್ಕೆ ಒಮ್ಮೆ ಲೆಕ್ಕ ಹಾಕಿ, ಚೀಟಿ ಬರೆದು ಮುಚ್ಚಳಕ್ಕೆ ಅಂಟಿಸಿ. ಯಂತ್ರ ಬದಲಾದ ದಿನ ಚೀಟಿಯೂ ಬದಲಾಗಲಿ.

ಸೀರಮ್ ಜೆಲ್ ಟ್ಯೂಬ್ ನೇರವಾಗಿ ನಿಂತು 30 ನಿಮಿಷ ಹೆಪ್ಪುಗಟ್ಟಬೇಕು, ಜೆಲ್ ಇಲ್ಲದ ಕೆಂಪು ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿಗೆ 60 ನಿಮಿಷ ಬೇಕು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವ ರೋಗಿಯದ್ದು ಇನ್ನೂ ನಿಧಾನ. ಅವಸರಪಟ್ಟು ತಿರುಗಿಸಿದರೆ ಸೀರಮ್‌ನಲ್ಲಿ ಲೋಳೆಯಂಥ ಫೈಬ್ರಿನ್ ಎಳೆಗಳು ಉಳಿದು ಲ್ಯಾಬಿನ ಯಂತ್ರದ ಸೂಜಿ ಕಟ್ಟಿಕೊಳ್ಳುತ್ತದೆ. ಬಕೆಟ್ ಅಡ್ಡಕ್ಕೆ ತೂಗುವ ಸ್ವಿಂಗ್ ರೋಟರ್ ಇದ್ದರೆ ಜೆಲ್ ಮಟ್ಟಸವಾಗಿ ಕೂರುತ್ತದೆ. ಕೋನದ ರೋಟರ್‌ನಲ್ಲಿ ಓರೆಯಾಗುತ್ತದೆ, ಸೀರಮ್ ಸೋರುವ ಸಾಧ್ಯತೆಯೂ ಇದೆ. ಜೆಲ್ ಟ್ಯೂಬನ್ನು ಎರಡನೇ ಸಲ ತಿರುಗಿಸಬೇಡಿ.

ಇಡಿಟಿಎಯಲ್ಲಿ ತೆಗೆದ ರಕ್ತದಿಂದ ಡಿಎನ್‌ಎಗಾಗಿ ಪ್ಲಾಸ್ಮಾ (ಕಣಗಳನ್ನು ಬಿಟ್ಟು ಉಳಿದ ದ್ರವ) ಬೇಕಿದ್ದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಬೇರ್ಪಡಿಸಬೇಕು, ಎರಡು ಸಲ ತಿರುಗಿಸಬೇಕು: ಮೊದಲು 1600 ಜಿಯಲ್ಲಿ 10 ನಿಮಿಷ, ಮೇಲಿನ ಪ್ಲಾಸ್ಮಾ ಬೇರೆ ಟ್ಯೂಬಿಗೆ ತೆಗೆದು ಮತ್ತೆ 16,000 ಜಿಯಲ್ಲಿ 10 ನಿಮಿಷ. ಮೊದಲ ಸುತ್ತಿನಲ್ಲಿ ಕೆಂಪು ಪದರದ ಮೇಲೆ ಬೂದು ಬಣ್ಣದ ತೆಳು ಪದರ ಕಾಣುತ್ತದೆ, ಅದೇ ಬಿಳಿ ಕಣಗಳದ್ದು. ಪೈಪೆಟ್ ಅದಕ್ಕೆ ತಾಗಿದರೆ ಇಷ್ಟು ಹೊತ್ತು ಪಟ್ಟ ಶ್ರಮ ನೀರುಪಾಲು. ಆ ಪದರದ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಪ್ಲಾಸ್ಮಾ ಬಿಟ್ಟುಬಿಡಿ. ಕೊನೆಯ ಹನಿಯವರೆಗೂ ಹೀರಬೇಕೆಂಬ ಆಸೆ ಇಲ್ಲಿ ಸಲ್ಲದು. ಯಂತ್ರದ ಬ್ರೇಕ್ ಮೆಲ್ಲಗಿರಲಿ. ಗಕ್ಕನೆ ನಿಂತರೆ ಪದರ ಕಲಕುತ್ತದೆ.

ರೋಗನಿರೋಧಕ ಕಣಗಳನ್ನು ಜೀವಂತವಾಗಿ ಬೇರ್ಪಡಿಸುವ ಹೆಪಾರಿನ್ ಟ್ಯೂಬ್ ಅಥವಾ ಸಿಪಿಟಿ ಟ್ಯೂಬನ್ನು ಕೋಣೆಯ ಉಷ್ಣಾಂಶದಲ್ಲೇ ಇಡಿ. ರಕ್ತವೆಂದರೆ ಫ್ರಿಜ್ ಎಂಬ ಅಭ್ಯಾಸಬಲದಿಂದ ಹಾಳಾಗುವುದು ಹೆಚ್ಚಾಗಿ ಇವೇ.

ಫ್ರೀಜ್ ಮಾಡುವ ಪುಟ್ಟ ಸೀಸೆಗೆ, ಅಂದರೆ ಕ್ರಯೋವೈಯಲ್‌ಗೆ, ಹಂಚುವಾಗ 2 ಮಿ.ಲೀ. ವೈಯಲ್‌ನಲ್ಲಿ 1.8 ದಾಟಬೇಡಿ. ದ್ರವ ಹೆಪ್ಪುಗಟ್ಟುವಾಗ ಹಿಗ್ಗಿ ಮುಚ್ಚಳ ಎತ್ತುತ್ತದೆ. ಮುಚ್ಚಳ ಬಿಗಿಯಾಗಿರಲು ಇನ್ನೂ ಒಂದು ಕಾರಣವಿದೆ: ಡ್ರೈ ಐಸ್‌ನಿಂದ ಏಳುವ ಇಂಗಾಲದ ಡೈಆಕ್ಸೈಡ್ ಸಡಿಲ ಮುಚ್ಚಳದೊಳಗೆ ನುಸುಳಿ, ಕರಗಿದ ಮೇಲೆ ಸ್ಯಾಂಪಲನ್ನು ಆಮ್ಲೀಯ ಮಾಡುತ್ತದೆ. ಲೇಬಲನ್ನು ವೈಯಲ್ ಒಣಗಿರುವಾಗಲೇ, ಫ್ರೀಜ್ ಮಾಡುವ ಮುಂಚೆ, ಉದ್ದಕ್ಕೆ ಹಚ್ಚಿ. ಮಂಜು ಕಟ್ಟಿದ ವೈಯಲ್‌ಗೆ ಹಚ್ಚಿದ ಲೇಬಲ್ ಪೆಟ್ಟಿಗೆಯ ತಳದಲ್ಲಿ ಸಿಗುತ್ತದೆ. ವೈಯಲ್‌ಗಳನ್ನು ನಿಲ್ಲಿಸಿಯೇ ಹೆಪ್ಪುಗಟ್ಟಿಸಿ, ಸೊನ್ನೆಯ ಕೆಳಗೆ 70 ಡಿಗ್ರಿಯ ಅಥವಾ ಅದಕ್ಕೂ ತಣ್ಣನೆಯ ಫ್ರೀಜರ್‌ನಲ್ಲಿ. ಮನೆಬಳಕೆಯ, ತಾನೇ ಮಂಜು ಕರಗಿಸಿಕೊಳ್ಳುವ ಫ್ರೀಜರ್‌ ಈ ಕೆಲಸಕ್ಕೆ ಬಾರದು. ಅದು ಆಗಾಗ ಬೆಚ್ಚಗಾಗುತ್ತದೆ. ಜನರೇಟರ್ ಸಂಪರ್ಕ ಇದೆಯೋ, ಕರೆಂಟ್ ಹೋದಾಗ ಅಲಾರಂ ಯಾರ ಫೋನಿಗೆ ಬರುತ್ತದೆ ಎಂಬುದು ಬರವಣಿಗೆಯಲ್ಲಿರಲಿ.

ಗೆಡ್ಡೆಯ ತುಣುಕು, ಬ್ಲಾಕ್, ಸ್ಲೈಡ್

ಬಯಾಪ್ಸಿ ಕೋರ್ ತೆಗೆದು ಒಣ ಗಾಜ್ ಬಟ್ಟೆಯ ಮೇಲೆ ಇಟ್ಟು, ಫಾರ್ಮಲಿನ್ ಹುಡುಕಿಕೊಂಡು ಹೋಗುವ ದೃಶ್ಯ ಅಪರೂಪವಲ್ಲ. ತುಣುಕು ಅಷ್ಟರಲ್ಲಿ ಒಣಗಿ, ಅಂಚು ಸುಕ್ಕಾಗುತ್ತದೆ. ಡಬ್ಬಿ ತೆರೆದಿಟ್ಟುಕೊಂಡೇ ಸೂಜಿ ಹಾಕಲಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೊಡ್ಡ ಗೆಡ್ಡೆಯಾದರೆ ಒಂದು ಗಂಟೆಯೊಳಗೆ ಕೊಯ್ದು ತೆರೆದು ಫಾರ್ಮಲಿನ್‌ಗೆ ಹಾಕಬೇಕು. ಹೊರಗೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಡಬ್ಬಿಯ ಮೇಲೆ ಬರೆಯಿರಿ.

ಫಾರ್ಮಲಿನ್ ಎಂದರೆ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಸಣ್ಣ ಆಸ್ಪತ್ರೆಗಳಲ್ಲಿ ಅಂಗಡಿಯ ಫಾರ್ಮಾಲ್ಡಿಹೈಡ್‌ಗೆ ಒಂಬತ್ತು ಪಾಲು ನಲ್ಲಿ ನೀರು ಬೆರೆಸಿಟ್ಟಿರುತ್ತಾರೆ. ಅದು ದಿನ ಕಳೆದಂತೆ ಫಾರ್ಮಿಕ್ ಆಮ್ಲವಾಗಿ ಡಿಎನ್‌ಎ ಚೂರು ಮಾಡುತ್ತದೆ. ಸೂಕ್ಷ್ಮದರ್ಶಕದಡಿ ಜೀವಕೋಶ ಚೆನ್ನಾಗಿಯೇ ಕಾಣುವುದರಿಂದ ಪೆಥಾಲಜಿಸ್ಟ್ ದೂರುವುದಿಲ್ಲ. ಜೀನ್ ಪರೀಕ್ಷೆ ಮಾತ್ರ ವಿಫಲವಾಗುತ್ತದೆ. ಒಂದು ಲೀಟರ್ ಸರಿಯಾಗಿ ಮಾಡಲು: 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಮಾನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಬೇಸಿಕ್ ಸೋಡಿಯಂ ಫಾಸ್ಫೇಟ್ 6.5 ಗ್ರಾಂ. ತುಣುಕಿನ ಹತ್ತು ಪಟ್ಟಾದರೂ ದ್ರವ ಇರಲಿ.

ಎಷ್ಟು ಹೊತ್ತು? ಸ್ತನ ಕ್ಯಾನ್ಸರಿನ ಹಾರ್ಮೋನ್ ಮತ್ತು ಹರ್2 ಪರೀಕ್ಷೆಗೆ 6ರಿಂದ 72 ಗಂಟೆ ಎಂಬುದು ಒಪ್ಪಿತ ನಿಯಮ, ಬಹಳಷ್ಟು ಟ್ರಯಲ್‌ಗಳು ಇದನ್ನೇ ಎಲ್ಲಕ್ಕೂ ಹಿಡಿಯುತ್ತವೆ. ತುಣುಕು ತೆಳುವಾಗಿದೆ, ಎರಡು ಗಂಟೆ ಸಾಕು ಎನ್ನುವುದು ತಪ್ಪು: ದ್ರವ ಒಳಗೆ ಇಳಿಯುವುದು ಬೇಗ, ಆದರೆ ಪ್ರೋಟೀನುಗಳನ್ನು ಹಿಡಿದು ನಿಲ್ಲಿಸುವ ರಾಸಾಯನಿಕ ಕ್ರಿಯೆಗೆ ಗಂಟೆಗಟ್ಟಲೆ ಬೇಕು. ಶನಿವಾರ ಮಧ್ಯಾಹ್ನ ತೆಗೆದು, ಸೋಮವಾರ ಹಬ್ಬದ ರಜೆಯಿದ್ದು, ಮಂಗಳವಾರ ಸಂಜೆ ಮೇಣ ಹಿಡಿಸುವ ಪ್ರೊಸೆಸರ್‌ಗೆ ಹಾಕಿದರೆ 72 ದಾಟಿಹೋಯಿತು. ಟ್ರಯಲ್ ಬಯಾಪ್ಸಿಯನ್ನು ವಾರದ ಮೊದಲರ್ಧದಲ್ಲಿ ಇಟ್ಟುಕೊಳ್ಳಲು ರೇಡಿಯಾಲಜಿಯವರನ್ನು ಒಪ್ಪಿಸಿ. ಮೂಳೆಯ ಬಯಾಪ್ಸಿಯನ್ನು ಮೆತ್ತಗಾಗಿಸಲು ಬಲವಾದ ಆಮ್ಲ ಬಳಸಿದರೆ ಡಿಎನ್‌ಎ ಕಥೆ ಮುಗಿದಂತೆ. ನಿಧಾನವಾದರೂ ಇಡಿಟಿಎ ದ್ರಾವಣವೇ ಬೇಕೆಂದು ಪೆಥಾಲಜಿಗೆ ಮುಂಚೆಯೇ ಚೀಟಿ ಕಳಿಸಿ.

ಅನೇಕ ರೋಗಿಗಳ ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ತುಣುಕು, ಮೊದಲು ಬಯಾಪ್ಸಿ ಆದ ಊರಿನಲ್ಲಿರುತ್ತದೆ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ. ತರಿಸುವಾಗ ಬ್ಲಾಕಿನ ಜೊತೆ ಪೆಥಾಲಜಿ ವರದಿಯನ್ನೂ ತರಿಸಿ. ವರದಿಯಲ್ಲಿನ ಬ್ಲಾಕ್ ಸಂಖ್ಯೆ, ಕ್ಯಾಸೆಟ್ ಮೇಲಿನ ಸಂಖ್ಯೆ ಒಂದೇ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ಸ್ವೀಕರಿಸಿ. ಐದಾರು ಬ್ಲಾಕ್ ಇದ್ದರೆ ಗೆಡ್ಡೆ ಹೆಚ್ಚಿರುವುದು ಯಾವುದೆಂದು ಪೆಥಾಲಜಿಸ್ಟ್ ಆರಿಸಲಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ನೋಡುವ 22ಸಿ3 ಪರೀಕ್ಷೆಗೆ ಸ್ಲೈಡಿನಲ್ಲಿ ಕನಿಷ್ಠ 100 ಜೀವಂತ ಗೆಡ್ಡೆ ಕೋಶಗಳು ಇರಬೇಕು. ವರದಿಯ ಪ್ರತಿ ಕಳಿಸುವಾಗ ಹೆಸರು, ಆಸ್ಪತ್ರೆ ಸಂಖ್ಯೆ, ವಿಳಾಸ ಅಳಿಸಿ. ಕಪ್ಪು ಪೆನ್ನಿನಲ್ಲಿ ಗೀಚಿದ್ದು ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಗೀಚಿದ ಪುಟದ ಜೆರಾಕ್ಸ್ ತೆಗೆದು ಅದನ್ನು ಕಳಿಸಿ.

ಸ್ಲೈಡ್ ಕೊಯ್ಯುವುದಾದರೆ 4ರಿಂದ 5 ಮೈಕ್ರಾನ್ ದಪ್ಪ, ಧನ ಆವೇಶದ ಸ್ಲೈಡ್, ಕೇಳಿದಷ್ಟನ್ನೂ ಒಂದೇ ಕೂತಿನಲ್ಲಿ. ಪ್ರತಿ ಸಲ ಬ್ಲಾಕನ್ನು ಮತ್ತೆ ಯಂತ್ರಕ್ಕೆ ಕೂರಿಸಿ ಮಟ್ಟ ಮಾಡುವಾಗ ಒಂದಷ್ಟು ಗೆಡ್ಡೆ ವ್ಯರ್ಥವಾಗುತ್ತದೆ, ಸಣ್ಣ ಬಯಾಪ್ಸಿಯಲ್ಲಿ ಅದೇ ಉಳಿದಿದ್ದೆಲ್ಲ ಆಗಿರಬಹುದು. ಕೊಯ್ದ ಸರದಿಯಲ್ಲೇ 1, 2, 3 ಎಂದು ಸಂಖ್ಯೆ ಹಾಕಿ, ಕೊಯ್ದ ದಿನಾಂಕ ಬರೆಯಿರಿ. ಒಬ್ಬರಿಂದ ಇನ್ನೊಬ್ಬರ ಬ್ಲಾಕಿಗೆ ಹೋಗುವಾಗ ಬ್ಲೇಡ್ ಬದಲಿಸಿ, ನೀರಿನ ತೊಟ್ಟಿಯ ಮೇಲ್ಮೈಯನ್ನು ಟಿಶ್ಯೂ ಕಾಗದದಿಂದ ಎಳೆದು ಒರೆಸಿ. ತೇಲಿಬಂದ ಬೇರೆಯವರ ಒಂದು ಚೂರು ಸಾಕು, ಜೀನ್ ಪರೀಕ್ಷೆಯಲ್ಲಿ ಇಲ್ಲದ ರೂಪಾಂತರ ಕಾಣಲು.

ಅಸ್ಥಿಮಜ್ಜೆಯ ಬಗ್ಗೆ ಒಂದೇ ಮಾತು. ಅಳಿದುಳಿದ ಕ್ಯಾನ್ಸರ್ ಕೋಶ ಹುಡುಕುವ ಎಂಆರ್‌ಡಿ ಪರೀಕ್ಷೆಗೆ ಸೂಜಿ ಹಾಕಿದ ಮೇಲೆ ಮೊದಲು ಎಳೆದದ್ದೇ ಹೋಗಬೇಕು. ಆಮೇಲೆ ಎಳೆದದ್ದರಲ್ಲಿ ರಕ್ತ ಬೆರೆತು ಕೋಶಗಳು ತೆಳುವಾಗುತ್ತವೆ, ರೋಗ ಇದ್ದರೂ ಇಲ್ಲ ಎಂದು ತೋರುತ್ತದೆ.

ಪ್ಯಾಕಿಂಗ್

ಟ್ರಯಲ್ ರೋಗಿಗಳ ರಕ್ತ, ದ್ರವಗಳು ಸಾಮಾನ್ಯವಾಗಿ ಯುಎನ್ 3373, ಜೈವಿಕ ವಸ್ತು ವರ್ಗ ಬಿ ಅಡಿ ಹೋಗುತ್ತವೆ. ವಿಮಾನ ಸಾಗಣೆಗೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ ಐಎಟಿಎಯ ಪ್ಯಾಕಿಂಗ್ ಸೂಚನೆ 650 ಪಾಲಿಸಬೇಕು. ಪೆಟ್ಟಿಗೆ ಕಟ್ಟುವವರು ತರಬೇತಿ ಪಡೆದಿರಬೇಕು, ಆ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಕಟ್ಟುವ ಕ್ರಮ:

1. ಟ್ಯೂಬಿನ ಮುಚ್ಚಳ ಬಿಗಿ ಮಾಡಿ, ಹೊರಮೈ ಒರೆಸಿ. ಲೇಬಲ್, ಫಾರ್ಮ್, ರಿಜಿಸ್ಟರ್ ಮೂರರ ಸಂಖ್ಯೆಯನ್ನೂ ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ನೋಡಿ ಗುರುತು ಹಾಕಲಿ.
2. ಟ್ಯೂಬುಗಳು ಒಂದಕ್ಕೊಂದು ತಾಗದಂತೆ ಬಬಲ್ ಚೀಲದಲ್ಲೋ ಸ್ಲೀವ್‌ನಲ್ಲೋ ಇಡಿ. ಎಲ್ಲ ಟ್ಯೂಬೂ ಒಡೆದರೂ ಅಷ್ಟೂ ದ್ರವ ಹೀರುವಷ್ಟು ಹೀರುಹಾಳೆ ಜೊತೆಗಿರಲಿ.
3. ಅದನ್ನು ಸೋರದ ಎರಡನೇ ಚೀಲಕ್ಕೆ ಹಾಕಿ ಅಂಟಿಸಿ. ಒಳಗಿನ ಟ್ಯೂಬಾಗಲಿ ಈ ಚೀಲವಾಗಲಿ, ಎರಡರಲ್ಲಿ ಒಂದು 95 ಕಿಲೋಪಾಸ್ಕಲ್ ಒತ್ತಡ ತಾಳುವಂಥದ್ದಾಗಿರಬೇಕು. ಚೀಲದ ಮೇಲೆ ಆ ಅಂಕಿ ಅಚ್ಚಾಗಿರುತ್ತದೆ. ಅಂಗಡಿಯ ಜಿಪ್ ಕವರ್ ನಡೆಯದು.
4. ಒಳಗೇನಿದೆ ಎಂಬ ಪಟ್ಟಿ ಮತ್ತು ಫಾರ್ಮುಗಳನ್ನು ಎರಡನೇ ಚೀಲದ ಹೊರಗೆ, ಪೆಟ್ಟಿಗೆಯ ಒಳಗೆ ಇಡಿ.
5. ಹೊರಗಿನ ಗಟ್ಟಿ ಪೆಟ್ಟಿಗೆಯ ಒಂದು ಮುಖವಾದರೂ 100 × 100 ಮಿ.ಮೀ. ಇರಬೇಕು. ವಜ್ರಾಕೃತಿಯ ಯುಎನ್ 3373 ಗುರುತಿನ ಪ್ರತಿ ಬದಿ ಕನಿಷ್ಠ 50 ಮಿ.ಮೀ., ಪಕ್ಕದಲ್ಲಿ ವಸ್ತುವಿನ ಹೆಸರು. ಹೊಣೆ ಹೊತ್ತವರ ಹೆಸರು, ಫೋನ್ ನಂಬರ್ ಪೆಟ್ಟಿಗೆಯ ಮೇಲೋ ಏರ್‌ವೇ ಬಿಲ್ಲಿನಲ್ಲೋ ಇರಬೇಕು.
6. ಹಳೆಯ ಪೆಟ್ಟಿಗೆ ಮರುಬಳಸಿದ್ದರೆ ಹಿಂದಿನ ಲೇಬಲ್‌ಗಳನ್ನೆಲ್ಲ ಕಿತ್ತುಹಾಕಿ. ಡ್ರೈ ಐಸ್ ಇಲ್ಲದ ಪೆಟ್ಟಿಗೆಯ ಮೇಲೆ ಡ್ರೈ ಐಸ್ ಗುರುತು ಉಳಿದರೂ ವಿಮಾನ ನಿಲ್ದಾಣದಲ್ಲಿ ನಿಲ್ಲುತ್ತದೆ.

ದ್ರವವಾದರೆ ಒಂದು ಟ್ಯೂಬಿನಲ್ಲಿ ಒಂದು ಲೀಟರ್, ಒಂದು ಪೆಟ್ಟಿಗೆಯಲ್ಲಿ ನಾಲ್ಕು ಲೀಟರ್ ಮಿತಿ. ನಮ್ಮ ಕೆಲಸದಲ್ಲಿ ಅಷ್ಟು ತಲುಪುವುದೇ ಇಲ್ಲ.

ಡ್ರೈ ಐಸ್ ಎಂದರೆ ಸೊನ್ನೆಯ ಕೆಳಗೆ 78.5 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್. ಅದಕ್ಕೆ ಪ್ರತ್ಯೇಕ ಗುರುತು: ಯುಎನ್ 1845, ಒಂಬತ್ತನೇ ವರ್ಗದ ಲೇಬಲ್, ಡ್ರೈ ಐಸ್‌ನ ನಿವ್ವಳ ತೂಕ ಕಿಲೋಗ್ರಾಂನಲ್ಲಿ. ತೂಕ ಬರೆಯದೆ ಬಿಡುವುದು, ಬಿಲ್ಲಿನಲ್ಲೊಂದು ಪೆಟ್ಟಿಗೆಯ ಮೇಲೊಂದು ಬರೆಯುವುದು ಪೆಟ್ಟಿಗೆ ವಾಪಸ್ ಬರುವಂಥ ತಪ್ಪುಗಳು. ಎಷ್ಟು ಹಾಕಬೇಕು? ಮಧ್ಯಮ ಗಾತ್ರದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 4 ಕಿಲೋವರೆಗೆ ಆವಿಯಾಗುತ್ತದೆ. ಮೂರು ದಿನದ ಹಾದಿಗೆ ಮೂರು ದಿನದ್ದನ್ನೇ ಹಾಕಬೇಡಿ, ಕಸ್ಟಮ್ಸ್‌ನಲ್ಲಿ ನಿಲ್ಲಬಹುದಾದ ಇನ್ನೊಂದು ದಿನದ್ದನ್ನೂ ಸೇರಿಸಿ, ಪೆಟ್ಟಿಗೆ ತುಂಬುವವರೆಗೆ ಹಾಕಿ. ತಳಕ್ಕೊಂದು ಪದರ, ನಡುವೆ ಸ್ಯಾಂಪಲ್, ಸುತ್ತಲೂ ಮೇಲೂ ಉಳಿದದ್ದು. ಐಸ್ ಆವಿಯಾದಂತೆ ಚೀಲ ಕೆಳಗೆ ಬಿದ್ದು ಉರುಳದಂತೆ ನಡುವೆ ಆಸರೆ ಇರಲಿ. ಒಳಗಿನ ಥರ್ಮೊಕೋಲ್ ಮುಚ್ಚಳಕ್ಕೆ ಟೇಪ್ ಸುತ್ತಬೇಡಿ: ಒಂದು ಕಿಲೋ ಡ್ರೈ ಐಸ್ 500 ಲೀಟರ್‌ಗೂ ಹೆಚ್ಚು ಅನಿಲವಾಗುತ್ತದೆ, ಹೊರಹೋಗಲು ದಾರಿಯಿಲ್ಲದಿದ್ದರೆ ಪೆಟ್ಟಿಗೆ ಸಿಡಿಯುತ್ತದೆ. ಅದೇ ಕಾರಣಕ್ಕೆ ಡ್ರೈ ಐಸನ್ನು ಎರಡನೇ ಚೀಲದ ಒಳಗೆ ಹಾಕುವಂತಿಲ್ಲ. ಗಾಳಿಯಾಡುವ ಕೋಣೆಯಲ್ಲಿ, ದಪ್ಪ ಕೈಗವಸು ಹಾಕಿಕೊಂಡು ಕೆಲಸ ಮಾಡಿ. ಕಿಟಕಿ ಮುಚ್ಚಿದ ಕಾರಿನಲ್ಲಿ ಸಾಗಿಸುವುದು ಅಪಾಯ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಒಡೆಯುತ್ತದೆ.

ಇನ್ನು ಕೋಣೆಯ ಉಷ್ಣಾಂಶದಲ್ಲಿ ಹೋಗುವ ಸ್ಟ್ರೆಕ್ ಟ್ಯೂಬುಗಳು. ಬೇಸಿಗೆಯಲ್ಲಿ ದಪ್ಪ ಗೋಡೆಯ ಪೆಟ್ಟಿಗೆ ಬಳಸಿ, ಟ್ಯೂಬುಗಳ ಸುತ್ತ ಕೋಣೆಯ ಉಷ್ಣಾಂಶದಲ್ಲೇ ಇಟ್ಟಿದ್ದ ಜೆಲ್ ಪ್ಯಾಕ್ ಇಡಿ. ಅವು ಹೊರಗಿನ ಬಿಸಿ ಒಳಗೆ ಬರುವುದನ್ನು ಗಂಟೆಗಟ್ಟಲೆ ತಡೆಯುತ್ತವೆ. ಫ್ರೀಜರಿನಿಂದ ತೆಗೆದ ಪ್ಯಾಕ್ ಇಟ್ಟರೆ ಟ್ಯೂಬ್ 6 ಡಿಗ್ರಿಗಿಂತ ಕೆಳಗಿಳಿಯುತ್ತದೆ. 2ರಿಂದ 8 ಡಿಗ್ರಿಯಲ್ಲಿ ಹೋಗಬೇಕಾದ ಪೆಟ್ಟಿಗೆಗೂ ಹೆಪ್ಪುಗಟ್ಟಿದ ಪ್ಯಾಕ್ ನೇರ ತಾಗಬಾರದು. ಹೊರಗೆ ಇಟ್ಟು ಮೈ ಬೆವರಿದ ಮೇಲೆ, ನಡುವೆ ರಟ್ಟು ಕೊಟ್ಟು ಇಡಿ. ಪ್ಯಾರಫಿನ್ ಬ್ಲಾಕಿಗೂ ಬಿಸಿಲೇ ವೈರಿ: ಮೇಣ ಸಾಮಾನ್ಯವಾಗಿ 56 ಡಿಗ್ರಿಯ ಆಸುಪಾಸು ಕರಗುತ್ತದೆ, ಅದಕ್ಕೂ ಮುಂಚೆಯೇ ಮೆತ್ತಗಾಗಿ ಕ್ಯಾಸೆಟ್ಟಿಗೂ ಚೀಲಕ್ಕೂ ಅಂಟುತ್ತದೆ.

ಉಷ್ಣಾಂಶ ದಾಖಲಿಸುವ ಲಾಗರ್ ಕೊಟ್ಟಿದ್ದರೆ ಗುಂಡಿ ಒತ್ತಿ ದೀಪ ಮಿನುಗಿದ್ದನ್ನು ನೋಡಿ, ಸ್ಯಾಂಪಲ್ ಪಕ್ಕದಲ್ಲೇ ಇಡಿ. ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ.

ಯಾವ ದಿನ, ಯಾವ ಕಾಗದ

ಹೆಪ್ಪುಗಟ್ಟಿದ ಪೆಟ್ಟಿಗೆಗೆ ಸೋಮ, ಮಂಗಳ, ಬುಧ ಮಾತ್ರ. ಶುಕ್ರವಾರ ಹೊರಟ ಪೆಟ್ಟಿಗೆ ಭಾನುವಾರ ಯಾವುದೋ ಗೋದಾಮಿನಲ್ಲಿ ಆವಿಯಾಗುತ್ತಾ ಕೂರುತ್ತದೆ. ಇಲ್ಲಿನ ಗಣೇಶ ಹಬ್ಬ, ದಸರಾ, ನವೆಂಬರ್ 1 ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಅಲ್ಲಿನ ರಜೆಗಳನ್ನು: ಅಮೆರಿಕದಲ್ಲಿ ನವೆಂಬರ್ ನಾಲ್ಕನೇ ಗುರುವಾರದ ಸುತ್ತ, ಸಿಂಗಪುರದಲ್ಲಿ ಚೀನೀ ಹೊಸ ವರ್ಷಕ್ಕೆ, ಯುರೋಪಿನಲ್ಲಿ ಡಿಸೆಂಬರ್ ಕೊನೆಗೆ. ವರ್ಷದ ಆರಂಭದಲ್ಲೇ ಲ್ಯಾಬಿನ ರಜಾಪಟ್ಟಿ ತರಿಸಿ ಗೋಡೆಗೆ ಹಚ್ಚಿ.

ದೇಶದ ಹೊರಗೆ ಹೋಗುವುದಾದರೆ ಕಾಗದಗಳ ಕಟ್ಟು ಬೇಕು: ಏರ್‌ವೇ ಬಿಲ್, ವಾಣಿಜ್ಯ ಮೌಲ್ಯವಿಲ್ಲವೆಂಬ ಪ್ರೊಫಾರ್ಮಾ ಇನ್‌ವಾಯ್ಸ್, ಸ್ಯಾಂಪಲ್ ವಿವರ, ಜೊತೆಗೆ ಸಂಸ್ಥೆಯ ಮುಚ್ಚಳಿಕೆ. 2016ರ ಆಗಸ್ಟ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನಿಯಮ ಸಡಿಲಿಸಿದ ಮೇಲೆ, ಪರೀಕ್ಷೆ ಮತ್ತು ಸಂಶೋಧನೆಗಾಗಿ ಮಾನವ ಸ್ಯಾಂಪಲ್ ಕಳಿಸಲು ಪ್ರತಿ ಸಲ ಮುಂಗಡ ಅನುಮತಿ ಬೇಕಿಲ್ಲ, ಎಲ್ಲ ನಿಯಮ ಪಾಲಿಸುತ್ತಿದ್ದೇವೆ ಎಂಬ ಮುಚ್ಚಳಿಕೆ ಕೊಡಬೇಕು. ಟ್ರಯಲ್‌ಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಅನುಮತಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರಲೇಬೇಕು. ಆ ಒಪ್ಪಿಗೆಯಲ್ಲಿ ಸ್ಯಾಂಪಲ್ ಹೊರದೇಶಕ್ಕೆ ಹೋಗುವ ಮಾತು ಸೇರಿದೆಯೇ ನೋಡಿ.

ದಿನಾಂಕ ಬರೆಯುವ ಕ್ರಮ ಸಣ್ಣದೆನಿಸುತ್ತದೆ, ಆದರೆ ಅದರಿಂದ ಬರುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ನಾವು ಜೂನ್ 5 ಎಂದು ಬರೆದ 05/06 ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, ಹೊತ್ತನ್ನು 24 ಗಂಟೆಯ ಲೆಕ್ಕದಲ್ಲಿ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಸಹಿ, ದಿನಾಂಕ. ಬಿಳಿ ಶಾಯಿ ಬಳಿಯಬಾರದು.

ಪೆಟ್ಟಿಗೆ ಹೋದ ಮೇಲೆ

ಏರ್‌ವೇ ಬಿಲ್ ಸಂಖ್ಯೆಯನ್ನು ಅಂದೇ ಲ್ಯಾಬಿಗೆ ಇಮೇಲ್ ಮಾಡಿ, ದಿನಕ್ಕೆರಡು ಸಲ ಟ್ರ್ಯಾಕಿಂಗ್ ನೋಡಿ. ಒಂದೇ ಜಾಗದಲ್ಲಿ 12 ಗಂಟೆ ನಿಂತಿದ್ದರೆ ಕೊರಿಯರ್‌ಗೆ ಫೋನ್ ಮಾಡಿ ಡ್ರೈ ಐಸ್ ತುಂಬಿಸುವ ವ್ಯವಸ್ಥೆ ಇದೆಯೇ ಕೇಳಿ. ಒಬ್ಬ ರೋಗಿಯ ಎರಡು ಜತೆ ವೈಯಲ್‌ಗಳಿದ್ದರೆ ಒಂದು ಜತೆ ಈ ಸಲ, ಇನ್ನೊಂದು ಮೊದಲನೆಯದು ತಲುಪಿದ ಸುದ್ದಿ ಬಂದ ಮೇಲೆ ಹೋಗಲಿ. ಮ್ಯಾನುಯಲ್‌ನವರು ಪ್ರಾಥಮಿಕ, ಬ್ಯಾಕಪ್ ಎಂದು ಬೇರೆ ಮಾಡಿರುವುದು ಇದಕ್ಕೇ, ಆದರೂ ಜಾಗ ಉಳಿಸಲು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬುವವರಿದ್ದಾರೆ.

ರೋಗಿ ಟ್ರಯಲ್‌ನಿಂದ ಹೊರಬಂದು ಸ್ಯಾಂಪಲ್ ಬಳಕೆಯ ಒಪ್ಪಿಗೆಯನ್ನೂ ಹಿಂದಕ್ಕೆ ಪಡೆದರೆ ಫ್ರೀಜರ್‌ನಲ್ಲಿ ಉಳಿದದ್ದನ್ನು ಕಳಿಸಬೇಡಿ. ಬೇರೆಯಾಗಿ ಗುರುತು ಹಾಕಿಟ್ಟು, ಟ್ರಯಲ್ ನಡೆಸುವ ಸ್ಪಾನ್ಸರ್‌ಗೆ ಬರವಣಿಗೆಯಲ್ಲಿ ತಿಳಿಸಿ, ಲ್ಯಾಬಿನಲ್ಲಿ ಆಗಲೇ ಇರುವುದನ್ನು ನಾಶ ಮಾಡಿದ ದೃಢೀಕರಣ ತರಿಸಿ ಕಡತದಲ್ಲಿಡಿ.

ಕೊನೆಯದಾಗಿ ಬ್ಲಾಕ್. ಕಳಿಸಿದ ದಿನ, ಹಿಂದಿರುಗಬೇಕಾದ ದಿನ ಎರಡನ್ನೂ ಒಂದು ಪಟ್ಟಿಯಲ್ಲಿ ಬರೆದು ತಿಂಗಳಿಗೊಮ್ಮೆ ನೆನಪೋಲೆ ಕಳಿಸಿ. ಟ್ರಯಲ್ ಔಷಧ ಫಲಿಸದೆ ಡಾಕ್ಟರು ಬೇರೆ ಜೀನ್ ಪರೀಕ್ಷೆ ಬರೆದಾಗ ಮನೆಯವರು ಕೇಳಿಕೊಂಡು ಬರುವುದು ಅದೇ ಬ್ಲಾಕನ್ನು. ಅದು ಹೊರದೇಶದ ಯಾವ ಶೆಲ್ಫಿನಲ್ಲಿದೆ ಎಂದು ಹುಡುಕಲು ಶುರು ಮಾಡುವ ಹೊತ್ತು ಅದಲ್ಲ. ವಾಪಸ್ ಬಂದ ಬ್ಲಾಕಿನಲ್ಲಿ ಗೆಡ್ಡೆ ಇನ್ನೂ ಉಳಿದಿದೆಯೇ ಎಂದು ಪೆಥಾಲಜಿಯಲ್ಲಿ ಒಂದು ಸ್ಲೈಡ್ ನೋಡಿಸಿ, ಸಹಿ ಪಡೆದು ಮೂಲ ಲ್ಯಾಬಿಗೆ ಒಪ್ಪಿಸಿ.